ಒಂದು ಕೈಗೆ ತೆರೆದುಕೊಳ್ಳುವ ಕತ್ತಿ

ಪೆರ್ಲದ ಆಚೆಗಿನ ಅಡಕೆ ತೋಟವೊಂದರ ಮನೆಯ ಮಾಷ್ಟ್ರ ಬಳಿ ಐವತ್ತು ವರ್ಷಗಳಿಂದ ಎರಡು ವಸ್ತುಗಳು ತಪ್ಪದೆ ಇರುತ್ತಿದ್ದವು. ಅಂಗಿಯ ಕಿಸೆಯಲ್ಲಿ ಒಂದು ಶಾಯಿಪೆನ್ನು. ಎಲೆಯಡಕೆಯ ಚೀಲದಲ್ಲಿ ಒಂದು ಮಡಚುವ ಪೀಶಕತ್ತಿ. ಪೆನ್ನು ಕಾಲಕ್ಕೆ ತಕ್ಕಂತೆ ಬದಲಾಯಿತು, ಕತ್ತಿ ಬದಲಾಗಲಿಲ್ಲ. ಊರಿನ ಕುಲುಮೆಯಲ್ಲಿ ಹದಗೊಂಡ ಉಕ್ಕಿನ ಅಲಗು, ಎಮ್ಮೆಕೊಂಬಿನ ಹಿಡಿ, ಅಲಗಿನ ಬೆನ್ನ ಬಳಿ ಉಗುರು ಸಿಕ್ಕಿಸಿ ಎಳೆಯಲೆಂದು ಕೊರೆದ ಒಂದು ಸಣ್ಣ ಗೆರೆ. ಎಡಗೈಯಲ್ಲಿ ಹಿಡಿಯನ್ನು ಹಿಡಿದು, ಬಲಗೈಯ ಹೆಬ್ಬೆರಳ ಉಗುರನ್ನು ಆ ಗೆರೆಗೆ ತಗುಲಿಸಿ, ಒಳಗಿನ ಬಿಲ್ಲಿನ ಬಿಗುವನ್ನು ಮೀರುವಷ್ಟು ಎಳೆದರೆ ಅಲಗು ನಿಧಾನವಾಗಿ ಹೊರಬರುತ್ತಿತ್ತು. ಅದನ್ನು ತೆರೆಯುವ ಕ್ರಮದಲ್ಲಿಯೇ ಒಂದು ಸಾವಧಾನವಿತ್ತು. ಅವಸರದವನಿಗೆ ಆ ಕತ್ತಿ ಒಲಿಯುತ್ತಿರಲಿಲ್ಲ.

ಮೂವತ್ತಮೂರು ವರ್ಷ ಅವರು ಕನ್ನಡ ಮಾಧ್ಯಮದ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಒಂದನೆಯ, ಎರಡನೆಯ ತರಗತಿಗಳಿಗೆ ಪಾಠ ಹೇಳಿದರು. ಬೆಳಗಿನ ಮೊದಲ ಅವಧಿಯಲ್ಲಿ ಮಕ್ಕಳು ಸಾಲಾಗಿ ಬಂದು ಮೇಜಿನ ಮೇಲೆ ಮೊಂಡು ಪೆನ್ಸಿಲುಗಳನ್ನು ಇಡುತ್ತಿದ್ದರು. ಮಾಷ್ಟ್ರು ಕತ್ತಿ ತೆರೆದು ಒಂದೊಂದನ್ನೇ ಹೆರೆದುಕೊಡುತ್ತಿದ್ದರು. ಯಂತ್ರದಲ್ಲಿ ತಿರುಗಿಸಿದ ಪೆನ್ಸಿಲಿಗಿಂತ ಕತ್ತಿಯಲ್ಲಿ ಹೆರೆದದ್ದು ಹೆಚ್ಚು ದಿನ ಬಾಳುತ್ತದೆ, ಮೊನೆ ಮುರಿಯುವುದು ಕಡಿಮೆ ಎಂಬುದು ಅವರ ನಂಬಿಕೆ. ಹಾಗೆ ಹೆರೆದ ಪೆನ್ಸಿಲುಗಳಿಂದಲೇ ಆ ಗುಡ್ಡೆಯ ಸುತ್ತಲಿನ ಎರಡು ತಲೆಮಾರಿನವರು ‘ಅ’ಕಾರ ತಿದ್ದಿದರು. ಮನೆಯಲ್ಲಿ ತುಳು, ಮಲಯಾಳ, ಮರಾಟಿ, ಹವ್ಯಕ ಕನ್ನಡ ಎಂದು ನಾನಾ ಮಾತುಗಳನ್ನಾಡುವ ಮಕ್ಕಳು ಅವರು. ಶಾಲೆಯ ಕನ್ನಡ ಅವರೆಲ್ಲರಿಗೂ ಸ್ವಲ್ಪ ಹೊಸದೇ ಆಗಿತ್ತು. ಪೆನ್ಸಿಲು ಹೆರೆಯುವ ಕತ್ತಿಯ ಹೆಸರು ಮಾತ್ರ ಎಲ್ಲರಿಗೂ ಹಳೆಯದು. ಒಂದು ಮನೆಯ ಪೀಶಕತ್ತಿ ಇನ್ನೊಂದು ಮನೆಯಲ್ಲಿ ಬೀಸತ್ತಿ. ಮತ್ತೊಂದು ಮನೆಯಲ್ಲಿ ಪಿಚ್ಚಾತ್ತಿ. ಬೆಟ್ಟ ಹತ್ತಿ ಕೊಡಗಿಗೆ ಹೋದರೆ ಅದು ಪೀಚೆಕತ್ತಿಯಾಗಿ, ಬೆಳ್ಳಿಯ ಒರೆ ತೊಟ್ಟು ಮದುಮಗನ ಸೊಂಟವನ್ನೇರುತ್ತದೆ. ಹತ್ತಿರ ಹತ್ತಿರ ಬಾಳುವ ಭಾಷೆಗಳು ಮೊದಲು ಹಂಚಿಕೊಳ್ಳುವುದು ಇಂಥ ದಿನಬಳಕೆಯ ಮಾತುಗಳನ್ನೇ.

ಕತ್ತಿಗೂ ಬರಹಕ್ಕೂ ಇರುವ ನಂಟು ಮಾಷ್ಟ್ರ ಪೆನ್ಸಿಲಿಗಿಂತ ಬಹಳ ಹಿಂದಿನದು. ಇಂಗ್ಲಿಷಿನವರು ಜೇಬಿನ ಕಿರುಗತ್ತಿಯನ್ನು ಇಂದಿಗೂ ‘ಪೆನ್‌ನೈಫ್’ ಎನ್ನುವುದು, ಹಕ್ಕಿಯ ಗರಿಯನ್ನು ಲೇಖನಿಯಾಗಿ ಕೊಯ್ದು ಮೊನೆಮಾಡಲು ಅದು ಬೇಕಾಗಿದ್ದ ಕಾಲದ ನೆನಪು. ನಮ್ಮ ಕಡೆಯಲ್ಲಿ ತಾಳೆಗರಿಯ ಮೇಲೆ ಬರೆಯುತ್ತಿದ್ದವರ ಕಂಠಗಳಲ್ಲಿ ಕೆಲವಕ್ಕೆ ಒಂದು ತುದಿಯಲ್ಲಿ ಬರೆಯುವ ಮೊನೆ, ಇನ್ನೊಂದು ತುದಿಯಲ್ಲಿ ಮಡಚುವ ಅಲಗು ಇರುತ್ತಿತ್ತು. ಗರಿಯನ್ನು ಕತ್ತರಿಸಿ ಒಪ್ಪಮಾಡುವುದೂ ಅದರ ಮೇಲೆ ಅಕ್ಷರ ಕೊರೆಯುವುದೂ ಒಂದೇ ಕೈಯ ಕೆಲಸವಾಗಿತ್ತು.

ಮಾಷ್ಟ್ರ ಕತ್ತಿಯ ಅಲಗು ಮಾತ್ರ ಶಾಯಿಯಲ್ಲಿ ಅದ್ದಿದಂತೆ ಕಪ್ಪಾಗಿತ್ತು. ಅದು ತುಕ್ಕಲ್ಲ. ಅಡಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿದಾಗ ಹುಟ್ಟುವ ಬಣ್ಣ. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಮಾಷ್ಟ್ರು ನಿವೃತ್ತರಾದ ಮೇಲೆ ಪೆನ್ಸಿಲಿನ ಕೆಲಸ ಮುಗಿಯಿತು, ಅಡಕೆಯದು ಉಳಿಯಿತು. ದಿನಕ್ಕೆ ನಾಲ್ಕೈದು ಬಾರಿ ಜಗಲಿಯ ಅದೇ ಮೂಲೆಯಲ್ಲಿ ಕುಳಿತು, ನೀರಡಕೆಯ ಸಿಪ್ಪೆ ಬಿಡಿಸಿ, ತೆಳ್ಳಗೆ ಹೋಳು ಮಾಡಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಮಡಚಿ ಬಾಯಿಗಿಡುವುದು. ಬಂದವರಿಗೂ ಹೋಳು ಮಾಡಿ ಕೊಡುವುದು. ಅಡಕತ್ತರಿ ಮನೆಯಲ್ಲಿ ಇಲ್ಲದಿರಲಿಲ್ಲ. ಆದರೆ ಕತ್ತಿಯಲ್ಲಿ ಕೊರೆದ ಹೋಳಿನ ನಯ ಅಡಕತ್ತರಿಗೆ ಬಾರದೆಂದು ಅವರು ಅದನ್ನು ಮುಟ್ಟುತ್ತಿರಲಿಲ್ಲ.

ಕಳೆದ ವರ್ಷದ ಮಳೆಗಾಲದ ಒಂದು ಬೆಳಗ್ಗೆ ಮಾಷ್ಟ್ರು ಎದ್ದಾಗ ಎಡಗೈ ಏಳಲಿಲ್ಲ. ಆಸ್ಪತ್ರೆಗೆ ಸೇರಿಸಿ, ಹನ್ನೊಂದು ದಿನಗಳ ಮೇಲೆ ಮನೆಗೆ ಕರೆತಂದರು. ಮಾತು ಮರಳಿತು, ಕೋಲು ಹಿಡಿದು ನಡೆಯುವಷ್ಟು ಕಾಲೂ ಮರಳಿತು. ಎಡಗೈ ಮರಳಲಿಲ್ಲ. ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಗುಳಿಗೆ ನುಂಗಬೇಕಾಯಿತು. ಹೊಗೆಸೊಪ್ಪನ್ನು ಮೊದಲ ದಿನವೇ ಬಿಡಿಸಿದ ಡಾಕ್ಟರು, ಅಡಕೆಯನ್ನೂ ಬಿಟ್ಟರೆ ಒಳ್ಳೆಯದು ಎಂದರು. ಹೊಗೆಸೊಪ್ಪು ಹೋಯಿತು. ಅಡಕೆ ದಿನಕ್ಕೆ ಎರಡು ಹೋಳಿಗೆ ಇಳಿಯಿತು. ಆ ಎರಡು ಹೋಳುಗಳನ್ನು ಸೊಸೆ ಅಡಕತ್ತರಿಯಲ್ಲಿ ಕತ್ತರಿಸಿ, ಎಲೆಗೆ ಸುಣ್ಣ ಸವರಿ, ಮಡಚಿ ತಂದು ಕೈಯಲ್ಲಿಡುತ್ತಿದ್ದಳು. ಕತ್ತಿಯನ್ನು ಅಜ್ಜಿ ಒಳಕೋಣೆಯ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟರು. ಒಂದು ಕೈಗೆ ತೆರೆಯಲು ಬಾರದ ಕತ್ತಿಯನ್ನು ಒಂದು ಕೈಯವರ ಹತ್ತಿರ ಇಟ್ಟು ಮಾಡುವುದೇನು? ಒಮ್ಮೆ ಮಾಷ್ಟ್ರು ಅಲಗನ್ನು ಹಲ್ಲಿನಿಂದ ಕಚ್ಚಿ ಎಳೆಯಲು ನೋಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಮಾಷ್ಟ್ರು ಏನೂ ಹೇಳಲಿಲ್ಲ. ಆದರೆ ಜಗಲಿಯ ಆ ಮೂಲೆಯಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟರು. ಬಂದವರೊಡನೆ ಮಾತು ಕಡಿಮೆಯಾಯಿತು. ಎಲೆಯಡಕೆ ಕೊಡದೆ ಮಾತಿಗೆ ತೊಡಗುವುದು ಅವರಿಗೆ ತಿಳಿಯದ ವಿದ್ಯೆ. ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ, “ಮಾಷ್ಟ್ರು ಬಲಗೈಯಿಂದಲೂ ಏನೂ ಮಾಡುವುದಿಲ್ಲವಲ್ಲ” ಎಂದು ಸೊಸೆಯಲ್ಲಿ ಕೇಳಿದಳು. ಸೊಸೆಗೆ ಉತ್ತರ ಹೊಳೆಯಲಿಲ್ಲ. ಮಾಡಲು ಉಳಿದದ್ದೆಲ್ಲವನ್ನೂ ಮನೆಯವರು ಪ್ರೀತಿಯಿಂದ ತಾವೇ ಮಾಡಿಬಿಡುತ್ತಿದ್ದರು.

ಮಗಳ ಮಗ ಬೆಂಗಳೂರಿನಲ್ಲಿ ಇಂಜಿನಿಯರು. ಹವ್ಯಕರ ಮಾತಿನಲ್ಲಿ ಹೇಳುವುದಾದರೆ ಮಾಷ್ಟ್ರ ಪುಳ್ಳಿ. ದೀಪಾವಳಿಯ ರಜೆಗೆ ಬಂದವನು ಸಂಜೆ ಜಗಲಿಯಲ್ಲಿ ಕುಳಿತು ಕಿಸೆಯಿಂದ ಏನನ್ನೋ ತೆಗೆದು ಬೆರಳಾಡಿಸುತ್ತಿದ್ದ. ‘ಟಿಕ್’ ಎಂದು ಒಂದು ಸದ್ದು. ಕ್ಷಣ ಬಿಟ್ಟು ಮತ್ತೆ ‘ಟಿಕ್’. ಒಳಗೆ ಮಲಗಿದ್ದ ಮಾಷ್ಟ್ರು ಕೋಲೂರಿಕೊಂಡು ಹೊರಗೆ ಬಂದರು.

“ಇದೆಂತರ ಮಾಣಿ?”

“ಪೀಶಕತ್ತಿ ಅಜ್ಜಾ.”

ಹುಡುಗ ತೋರಿಸಿದ. ಅಂಗೈಯಷ್ಟು ಉದ್ದದ ಕಪ್ಪು ಹಿಡಿ. ಅಲಗು ಎಲ್ಲಿದೆ ಎಂದೇ ತಿಳಿಯದು. ಹಿಡಿಯ ಬೆನ್ನಿನಲ್ಲಿ, ಮೀನಿನ ರೆಕ್ಕೆಯಂತೆ, ಉಕ್ಕಿನ ಒಂದು ಸಣ್ಣ ಮೂಗು ಹೊರಚಾಚಿತ್ತು. ಹುಡುಗ ತೋರುಬೆರಳಿನಿಂದ ಆ ಮೂಗನ್ನು ಹಿಂದಕ್ಕೆ ಒತ್ತಿದ. ಮೂರಿಂಚಿನ ಅಲಗು ಎಲ್ಲಿಂದಲೋ ಬಂದು, ಆಗಲೇ ಬಂದಿದ್ದೆನೆಂಬಂತೆ ನೆಟ್ಟಗೆ ನಿಂತಿತು. ಎಡಗೈ ಮೊಣಕಾಲಿನ ಮೇಲೆ ಸುಮ್ಮನೆ ಇತ್ತು.

ಅಜ್ಜಿಗೆ ಅದು ಹಿಡಿಸಲಿಲ್ಲ. “ಕಳ್ಳಂಗೊ ಮಡಿಕ್ಕೊಂಬ ನಮೂನೆದು ಅದು” ಎಂದರು. ಮಾಷ್ಟ್ರು ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ಕತ್ತಿಯ ಮೇಲಿರಲಿಲ್ಲ. ಕೆಲಸವಿಲ್ಲದೆ ಮಲಗಿದ್ದ ಹುಡುಗನ ಎಡಗೈಯ ಮೇಲಿತ್ತು.

“ಇನ್ನೊಂದರಿ” ಎಂದರು.

ಫ್ಲಿಪ್ಪರ್ ಎಂದು ಕರೆಯುವ ಈ ಬಗೆಯ ಕತ್ತಿಗೆ ಜಗತ್ತಿನ ನಾನಾ ಕಡೆ ಮರುಳಾದವರಿದ್ದಾರೆ. ಹುಡುಗನೂ ಅವರಲ್ಲೊಬ್ಬ. ಕೆಲಸದ ನಡುವೆ ಬೇಸರವಾದಾಗ ಅದನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಏನನ್ನೂ ಕೊಯ್ಯದ ದಿನಗಳೇ ಹೆಚ್ಚು. ಹೊರಗಿನವರಿಗೆ ಹುಚ್ಚಾಟವಾಗಿ ಕಾಣುವ ಈ ಮೋಹದ ಹಿಂದೆ ಒಂದು ಯಂತ್ರಸೂಕ್ಷ್ಮವಿದೆ. ಅಜ್ಜ ಬಿಡದೆ ಕೇಳಿದ್ದರಿಂದ ಹುಡುಗ ಮರುದಿನ ಬೆಳಗ್ಗೆ ಪೇಪರು ಹಾಸಿ, ತಿರುಪುಳಿಯಿಂದ ಕತ್ತಿಯನ್ನು ಬಿಚ್ಚಿ ಹರವಿದ.

ಅಲಗಿನ ಬುಡದಲ್ಲಿ ತಿರುಗುಮೊಳೆಗೆ ಒಂದು ತೂತು. ಅದರ ಎರಡೂ ಬದಿಗೆ ಸಾಸಿವೆಗಿಂತ ಸಣ್ಣ ಗುಂಡುಗಳ ಬಾಲ್ ಬೇರಿಂಗು; ಕೆಲವು ಕತ್ತಿಗಳಲ್ಲಿ ಅದರ ಬದಲು ಕಂಚಿನ ಬಿಲ್ಲೆಗಳಿರುತ್ತವೆ. ಹಿಡಿಯ ಒಳಗೆ ಉಕ್ಕಿನ ಒಂದು ಪಟ್ಟಿ, ಸ್ವಲ್ಪ ಒಳಮುಖವಾಗಿ ಬಾಗಿ ನಿಂತಿದೆ. ಅಲಗು ಪೂರ್ತಿ ತೆರೆದೊಡನೆ ಈ ಪಟ್ಟಿ ಸರಿದು ಅಲಗಿನ ಬುಡಕ್ಕೆ ಒತ್ತು ಕೊಟ್ಟು ನಿಲ್ಲುತ್ತದೆ. ಅದೇ ಬೀಗ. ಅದನ್ನು ಬದಿಗೆ ಸರಿಸದ ಹೊರತು ಕತ್ತಿ ಮುಚ್ಚುವುದಿಲ್ಲ. ಈ ಬಗೆಯ ಬೀಗವನ್ನು ಇಂದಿನ ರೂಪಕ್ಕೆ ತಂದವನು ಅಮೆರಿಕದ ಮೈಕೆಲ್ ವಾಕರ್. 1980ರ ದಶಕದ ಮಾತು.

ಫ್ಲಿಪ್ಪರಿನ ನಿಜವಾದ ಗುಟ್ಟು ಇರುವುದು ಆ ಪಟ್ಟಿಯ ತುದಿಯಲ್ಲಿ ಕೂರಿಸಿದ ಒಂದು ಗುಂಡಿನಲ್ಲಿ. ಕತ್ತಿ ಮುಚ್ಚಿದಾಗ ಆ ಗುಂಡು ಅಲಗಿನ ಮೈಯಲ್ಲಿ ಕೊರೆದ ಪುಟ್ಟ ಕುಳಿಗೆ ಇಳಿದು ಕೂರುತ್ತದೆ. ಡಿಟೆಂಟ್ ಎಂದು ಅದರ ಹೆಸರು. ಬೆರಳು ಮೂಗನ್ನು ಒತ್ತಿದೊಡನೆ ಅಲಗು ಏಳುವುದಿಲ್ಲ, ಗುಂಡು ತಡೆಯುತ್ತದೆ. ಬೆರಳು ಇನ್ನಷ್ಟು ಒತ್ತುತ್ತದೆ. ಗುಂಡು ಇನ್ನೂ ತಡೆಯುತ್ತದೆ. ಹೀಗೆ ಬೆರಳಿನಲ್ಲಿ ಬಲ ಕೂಡಿಕೊಳ್ಳುತ್ತ ಹೋಗಿ, ಒಂದು ಹಂತದಲ್ಲಿ ಗುಂಡು ಕುಳಿಯಿಂದ ಜಾರುತ್ತದೆ. ಕೂಡಿದ್ದ ಬಲವೆಲ್ಲ ಒಮ್ಮೆಗೇ ಅಲಗಿಗೆ ಸಿಕ್ಕಿ ಅದು ಅರ್ಧ ಸುತ್ತು ಹಾರಿ ನಿಲ್ಲುತ್ತದೆ. ತಡೆ ಸಡಿಲವಾದರೆ ಅಲಗು ಅರ್ಧದಲ್ಲೇ ಸೋಲುತ್ತದೆ. ತೀರ ಬಿಗಿಯಾದರೆ ಬೆರಳು ನೋಯುತ್ತದೆ. ಒಳಗೆ ಸ್ಪ್ರಿಂಗಿನ ತಳ್ಳು ಇಲ್ಲದ ಸಾದಾ ಫ್ಲಿಪ್ಪರಿನಲ್ಲಿ ಅಲಗನ್ನು ಹಾರಿಸುವುದು ಕೂಡಿಟ್ಟ ಬೆರಳಿನ ಬಲ ಮಾತ್ರ. ವೇಗ ಹುಟ್ಟುವುದು ತಡೆಯಿಂದ.

ಮಾಷ್ಟ್ರು ಆ ಗುಂಡನ್ನು ಬಹಳ ಹೊತ್ತು ನೋಡಿದರು. ಒತ್ತಕ್ಷರದ ಮೊದಲು ನಾಲಗೆ ಒಂದು ಕ್ಷಣ ತಡೆದು ನಿಲ್ಲದಿದ್ದರೆ ‘ಹತ್ತು’ ಎಂಬುದು ‘ಹತು’ ಆಗುತ್ತದೆ ಎಂದು ಅವರು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದರೋ!

ಮಡಚುವ ಕತ್ತಿ ಹೊಸದಲ್ಲ. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ದೊರೆತ ಎಲುಬಿನ ಹಿಡಿಯ ಮಡಚುಗತ್ತಿ ಕ್ರಿಸ್ತಪೂರ್ವ 600-500ರ ಸುಮಾರಿನದು. ಫ್ರಾನ್ಸಿನ ಸವೋಯ್ ಸೀಮೆಯ ಜೋಸೆಫ್ ಒಪಿನೆಲ್ ಮರದ ಹಿಡಿಯ ತನ್ನ ರೈತಗತ್ತಿಯನ್ನು ಮಾಡಿದ್ದು 1890ರಲ್ಲಿ. ಮರುವರ್ಷ ಕಾರ್ಲ್ ಎಲ್ಸೆನರ್ ಸ್ವಿಸ್ ಸೈನ್ಯಕ್ಕೆ ತನ್ನ ಮಡಚುಗತ್ತಿಗಳನ್ನು ಒದಗಿಸಿದ. ಅದೇ ದಶಕದಲ್ಲಿ ಜಪಾನಿನ ಮಿಕಿ ಪಟ್ಟಣದಲ್ಲಿ ‘ಹಿಗೋನೊಕಾಮಿ’ ಹುಟ್ಟಿತು. ಅದರಲ್ಲಿ ಬೀಗವೂ ಇಲ್ಲ, ಬಿಲ್ಲೂ ಇಲ್ಲ. ಅಲಗಿನ ಬುಡ ಹಿಡಿಯಿಂದ ಬಾಲದಂತೆ ಹೊರಚಾಚಿರುತ್ತದೆ. ಹೆಬ್ಬೆರಳು ಅದನ್ನು ಅದುಮಿ ಹಿಡಿದಿರುವಷ್ಟು ಹೊತ್ತು ಕತ್ತಿ ತೆರೆದಿರುತ್ತದೆ. ಜಪಾನಿನ ಶಾಲಾಮಕ್ಕಳು ಒಂದು ಕಾಲಕ್ಕೆ ಪೆನ್ಸಿಲು ಹೆರೆಯುತ್ತಿದ್ದುದು ಇದರಿಂದಲೇ. ನಮ್ಮ ಕ್ಷೌರಿಕರ ಹಳೆಯ ಮಡಚುಗತ್ತಿಗೂ ಅಂಥದೇ ಬಾಲವುಂಟು. ಅಲಗಿನ ಬುಡವನ್ನು ಹೊರಕ್ಕೆ ಚಾಚಿ ಬೆರಳಿಗೆ ಸಿಗುವಂತೆ ಮಾಡುವ ಈ ಹಳೆಯ ಉಪಾಯಕ್ಕೆ ತಡೆಯ ಗುಂಡೂ ಬೀಗದ ಪಟ್ಟಿಯೂ ಕೂಡಿದಾಗ ಫ್ಲಿಪ್ಪರ್ ಆಯಿತು. ಅಮೆರಿಕದ ಸೈನ್ಯದಲ್ಲಿದ್ದು ಬಳಿಕ ಕತ್ತಿ ತಯಾರಕನಾದ ಕಿಟ್ ಕಾರ್ಸನ್‌ನ ಮಾದರಿಗಳಿಂದ ಅದು ಹೆಚ್ಚು ಪ್ರಸಿದ್ಧಿಗೆ ಬಂತು.

ಅಜ್ಜಿಯ ಅಂಜಿಕೆಗೂ ಒಂದು ಚರಿತ್ರೆಯಿದೆ. ಗುಂಡಿ ಒತ್ತಿದರೆ ಚಿಮ್ಮುವ ಸ್ಪ್ರಿಂಗಿನ ಕತ್ತಿಗಳು ಪುಂಡರ ಕೈಗೆ ಸೇರಿ, ಸಿನಿಮಾಗಳಲ್ಲಿ ಮಿಂಚಿ, ಕೊನೆಗೆ ಕಾನೂನಿನ ಕಣ್ಣಿಗೆ ಬಿದ್ದವು. ಅಮೆರಿಕ 1958ರಲ್ಲಿ, ಬ್ರಿಟನ್ 1959ರಲ್ಲಿ ಅವುಗಳ ಮೇಲೆ ಕಾಯಿದೆ ತಂದವು. ನಮ್ಮಲ್ಲಿ ಉತ್ತರಪ್ರದೇಶದ ರಾಂಪುರದ ಚಾಕು ಹಿಂದಿ ಚಿತ್ರಗಳ ಖಳರ ಕೈಯಲ್ಲಿ ‘ಕಟ್ ಕಟ್’ ಎಂದು ತೆರೆದುಕೊಂಡು ಊರ ಹೆಸರಿಗೇ ಮಸಿ ಬಳಿಯಿತು. 1959ರ ನಮ್ಮ ಆಯುಧ ಕಾಯಿದೆಯ ನಿಯಮಗಳು ಅಲಗಿನ ಉದ್ದ 9 ಇಂಚನ್ನೋ ಅಗಲ 2 ಇಂಚನ್ನೋ ಮೀರಿದ ಕತ್ತಿಗಳನ್ನು, ಮನೆಗೆಲಸ, ಬೇಸಾಯಗಳಂಥ ಉದ್ದೇಶದವಲ್ಲದಿದ್ದರೆ, ಆಯುಧಗಳ ಸಾಲಿಗೆ ಸೇರಿಸುತ್ತವೆ. ಗುಂಡಿಯ ಕತ್ತಿಗೂ ಫ್ಲಿಪ್ಪರಿಗೂ ಇರುವ ವ್ಯತ್ಯಾಸವನ್ನು ಕಾನೂನು ಕೂಡ ಆ ತಡೆಯ ಗುಂಡಿನಲ್ಲೇ ಕಂಡುಕೊಂಡದ್ದು ಸ್ವಾರಸ್ಯ. ಮುಚ್ಚಿಯೇ ಇರಲು ಹವಣಿಸುವ, ಕೈಯ ಬಲವಿಲ್ಲದೆ ತೆರೆದುಕೊಳ್ಳದ ಕತ್ತಿ ತನ್ನ ನಿಷೇಧಕ್ಕೆ ಒಳಪಡುವುದಿಲ್ಲ ಎಂದು 2009ರಲ್ಲಿ ಅಮೆರಿಕದ ಕಾನೂನು ಸ್ಪಷ್ಟಪಡಿಸಿತು. ತಾನಾಗಿ ಚಿಮ್ಮುವುದು ಒಂದು, ಮನಸ್ಸು ಮಾಡಿದವನ ಬೆರಳಿಗೆ ಒದಗುವುದು ಇನ್ನೊಂದು.

ಮೂರನೆಯ ದಿನ ಮಾಷ್ಟ್ರು ಕತ್ತಿಯನ್ನು ಕೇಳಿ ಪಡೆದರು. ತೋರುಬೆರಳಿಗೆ ಮೊದಲು ಮೂಗು ಸಿಕ್ಕಲಿಲ್ಲ. ಸಿಕ್ಕಿದಾಗ ಬಲ ಸಾಲಲಿಲ್ಲ. ಅಲಗು ಅರ್ಧ ಎದ್ದು ನಿಂತಿತು. ಹತ್ತಿಪ್ಪತ್ತು ಬಾರಿ ಸೋತ ಮೇಲೆ ‘ಟಿಕ್’ ಎಂಬ ಸದ್ದು ಕೇಳಿಸಿತು. ಅಡುಗೆಮನೆಯಲ್ಲಿದ್ದ ಸೊಸೆ ಹೊರಗೆ ಬಂದು ನೋಡಿದಳು. ಹದಿನಾರು ತಿಂಗಳಲ್ಲಿ ಮೊದಲ ಬಾರಿಗೆ ಮಾವ ಜಗಲಿಯ ಆ ಹಳೆಯ ಮೂಲೆಯಲ್ಲಿ ಕುಳಿತಿದ್ದರು.

ತೆರೆದರೆ ಸಾಲದಲ್ಲ. ಒಂದು ಕೈ ಕತ್ತಿಯನ್ನು ಹಿಡಿದರೆ ಅಡಕೆಯನ್ನು ಹಿಡಿಯುವವರು ಯಾರು? ಹುಡುಗ ಹಲಸಿನ ಮರದ ಒಂದು ಹಲಗೆಯ ತುಂಡನ್ನು ಹುಡುಕಿ, ಕೆಳಗಿನಿಂದ ಎರಡು ತುಕ್ಕು ಹಿಡಿಯದ ಮೊಳೆಗಳನ್ನು ಹೊಡೆದು ಮೊನೆ ಮೇಲೆ ಕಾಣುವಂತೆ ಮಾಡಿದ. ಹಲಗೆ ಜಾರದಂತೆ ಅಡಿಗೆ ಸೈಕಲ್ ಟ್ಯೂಬಿನ ರಬ್ಬರು ಅಂಟಿಸಿದ. ಕೈ ಸೋತವರಿಗಾಗಿ ಇಂಥ ಹಲಗೆಗಳನ್ನು ಬಳಸುವುದುಂಟೆಂದು ಫಿಸಿಯೋಥೆರಪಿಯ ಹುಡುಗಿ ಹೇಳಿದ್ದಳು. ನೀರಡಕೆಯನ್ನು ಆ ಮೊಳೆಗಳಿಗೆ ಚುಚ್ಚಿ ನಿಲ್ಲಿಸಿದರೆ ಅದು ಅಲ್ಲಾಡುವುದಿಲ್ಲ. ಮೊದಲ ದಿನದ ಹೋಳುಗಳು ದಪ್ಪಗಿದ್ದವು. ಮಾಷ್ಟ್ರು ಒಂದನ್ನು ಅಜ್ಜಿಗೆ ಕೊಟ್ಟರು. ಅವರು ಏನೂ ಅನ್ನದೆ ಬಾಯಿಗೆ ಹಾಕಿಕೊಂಡರು.

ಕಷ್ಟ ಬಂದದ್ದು ಮುಚ್ಚುವಾಗ. ಹೆಬ್ಬೆರಳಿನಿಂದ ಬೀಗದ ಪಟ್ಟಿಯನ್ನು ಬದಿಗೆ ಸರಿಸಿದಾಗ ಅಲಗು ಬೀಳತೊಡಗುತ್ತದೆ. ಫ್ಲಿಪ್ಪರಿನ ಇನ್ನೊಂದು ಗುಣ ಕಾಣುವುದು ಇಲ್ಲಿ. ಕತ್ತಿ ತೆರೆದಿರುವಾಗ ಆ ಮೂಗು ಕೆಳಬದಿಗೆ ಬಂದು, ಕೈ ಅಲಗಿನತ್ತ ಜಾರದಂತೆ ಅಡ್ಡ ನಿಂತಿರುತ್ತದೆ. ಮುಚ್ಚುವಾಗ ಅದೇ ಮೂಗು ಮೊದಲು ತೋರುಬೆರಳಿಗೆ ತಗುಲಿ ಅಲಗನ್ನು ಅರ್ಧದಲ್ಲಿ ನಿಲ್ಲಿಸುತ್ತದೆ. ಆ ಬಿಡುವಿನಲ್ಲಿ ಹೆಬ್ಬೆರಳನ್ನು ದಾರಿಯಿಂದ ತೆಗೆದು, ಅಲಗಿನ ಬೆನ್ನನ್ನು ತೊಡೆಗೊತ್ತಿ ಮುಚ್ಚಬೇಕು. ಎಲ್ಲವೂ ಆ ಬಿಡುವನ್ನು ಕಾಯುವುದರಲ್ಲಿದೆ. ಐದನೆಯ ದಿನ, ಗೇಟಿನಲ್ಲಿ ಯಾರೋ ಕರೆದ ಸದ್ದಿಗೆ ತಿರುಗಿದ ಮಾಷ್ಟ್ರು ಬಿಡುವನ್ನು ಕಾಯಲಿಲ್ಲ. ಹೆಬ್ಬೆರಳು ಕೊಯ್ದುಕೊಂಡಿತು.

ಗಾಯ ಸಣ್ಣದು. ಗುಳಿಗೆಯಿಂದಾಗಿ ರಕ್ತ ಮಾತ್ರ ನಿಲ್ಲಲೊಲ್ಲದು. ಸೊಸೆ ಬಟ್ಟೆ ಒತ್ತಿ ಹಿಡಿದೇ ಕುಳಿತಳು. ಒಂದು ಬಟ್ಟೆ ಕೆಂಪಾಗಿ, ಇನ್ನೊಂದು ಬಟ್ಟೆ ಬಂತು. ಅರ್ಧ ಗಂಟೆ ಕಳೆದ ಮೇಲೆ ರಕ್ತ ನಿಂತಿತು. ಅಜ್ಜಿಯ ಮಾತು ನಿಲ್ಲಲಿಲ್ಲ. ಬೈಗುಳದಲ್ಲಿ ಹೆಚ್ಚಿನ ಪಾಲು ಹುಡುಗನಿಗೇ ಸಂದಿತು. ಅವನಿಗೂ ತಪ್ಪು ತನ್ನದೆನ್ನಿಸಿತು. ಕತ್ತಿಯನ್ನು ತೊಳೆದು, ಒರೆಸಿ, ತನ್ನ ಬ್ಯಾಗಿನ ತಳಕ್ಕೆ ಹಾಕಿದ. ಅದನ್ನು ಅವನು ಕೊಂಡದ್ದು ಆಟಕ್ಕೆ. ಎರಡು ಕೈಯೂ ಸರಿಯಿರುವವನಿಗೆ ಒಂದೇ ಕೈಯಲ್ಲಿ ತೆರೆಯುವುದು ಒಂದು ಸೊಗಸು, ಅಷ್ಟೆ. ಒಂದೇ ಕೈಯವರಿಗೆ ಅದು ಏನೆಂಬುದನ್ನು ಅವನು ಯೋಚಿಸಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಮಾಷ್ಟ್ರು ಮಾತಾಡಿದರು. ದನಿ ಏರಿರಲಿಲ್ಲ.

“ಮಕ್ಕೊಗೆ ಪೆನ್ಸಿಲು ಹೆರದು ಕೊಡುವಗ ಎಷ್ಟು ಸರ್ತಿ ಬೆರಳು ಕೊಯ್ದಿದಿಲ್ಲೆ? ಅಂಬಗ ಆರೂ ಎನ್ನ ಕತ್ತಿಯ ತೆಗದು ಮಡಗಿದ್ದವಿಲ್ಲೆ.”

ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: “ಎನ್ನ ಅಡಕ್ಕೆಯ ಆನೇ ಕೊರವೆ. ಅಷ್ಟೇ ಎನಗೆ ಬೇಕಾದ್ದು.”

ಮನೆಯವರ ಹೆದರಿಕೆ ಸುಳ್ಳಲ್ಲ. ಕೆಂಪಾದ ಎರಡು ಬಟ್ಟೆಗಳು ಬಚ್ಚಲಿನ ಬಾಲ್ದಿಯಲ್ಲಿ ಇನ್ನೂ ನೆನೆಯುತ್ತಿದ್ದವು. ಹಾಗೆಂದು ಮಾಷ್ಟ್ರ ಮಾತೂ ಸುಳ್ಳಲ್ಲ. ಗಾಯವಾಗದಂತೆ ಒಬ್ಬರನ್ನು ಕಾಪಾಡುವುದಕ್ಕೂ, ಅವರ ಕೈಯಿಂದ ಕೆಲಸವನ್ನೆಲ್ಲ ಕಿತ್ತುಕೊಳ್ಳುವುದಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ಹೇಳುವುದು ಸುಲಭವಲ್ಲ. ಪ್ರತಿ ಮನೆಯೂ ಅದನ್ನು ತಾನೇ ತಡಕಿ ಕಂಡುಕೊಳ್ಳಬೇಕು. ಆ ಮನೆಯಲ್ಲಿ ಅದನ್ನು ಕಂಡುಕೊಂಡವರು ಅಜ್ಜಿ. ಮರುದಿನ ಬೆಳಗ್ಗೆ ಅವರೇ ಹುಡುಗನ ಬ್ಯಾಗಿನಿಂದ ಕತ್ತಿಯನ್ನು ತೆಗೆಸಿದರು. ಕರಾರುಗಳನ್ನೂ ಹೇಳಿದರು. ಕೊರೆಯುವುದು ಹಗಲಿನಲ್ಲಿ ಮಾತ್ರ. ಕುಳಿತೇ ಕೊರೆಯಬೇಕು. ಆ ಹೊತ್ತಿನಲ್ಲಿ ಯಾರಾದರೊಬ್ಬರು ಜಗಲಿಯಲ್ಲಿರಬೇಕು. ಕತ್ತಿ ಮುಚ್ಚುವ ಮೊದಲು ಮಾತು ನಿಲ್ಲಿಸಬೇಕು. ಕೊನೆಯದನ್ನು ಕೇಳಿ ಮಾಷ್ಟ್ರಿಗೆ ನಗು ಬಂತು. ಅದು ಅವರು ತರಗತಿಯಲ್ಲಿ ಹೇಳುತ್ತಿದ್ದ ಮಾತಿನಂತೆಯೇ ಇತ್ತು.

ಹುಡುಗ ರಜೆ ಮುಗಿಸಿ ಹೊರಡುವ ಹಿಂದಿನ ಸಂಜೆ, ಮಗನ ಕಿರಿಯ ಮಗಳು, ಮೂರನೆಯ ತರಗತಿಯವಳು, ಮೊನೆ ಮುರಿದ ಪೆನ್ಸಿಲು ಹಿಡಿದು ಜಗಲಿಗೆ ಬಂದಳು. ಶಾರ್ಪನರಿನಲ್ಲಿ ಎಷ್ಟು ತಿರುಗಿಸಿದರೂ ಮೊನೆ ಒಳಗೇ ತುಂಡಾಗುತ್ತಿತ್ತು. ಮಾಷ್ಟ್ರು ಪೆನ್ಸಿಲನ್ನು ತೆಗೆದುಕೊಂಡು ಹಲಗೆಯ ಎರಡು ಮೊಳೆಗಳ ನಡುವೆ ಇಟ್ಟರು. ಅದು ಉರುಳಿತು. ಸ್ವಲ್ಪ ಯೋಚಿಸಿ, ಬಲಗೈಯಿಂದ ತನ್ನ ಎಡಗೈಯನ್ನು ಎತ್ತಿ ಪೆನ್ಸಿಲಿನ ಹಿಂಬದಿಯ ಮೇಲೆ ಇಟ್ಟರು. ಜೀವವಿಲ್ಲದ ಕೈಗೆ ಭಾರವಂತೂ ಇತ್ತು. ಪೆನ್ಸಿಲು ಅಲ್ಲಾಡದೆ ನಿಂತಿತು. ಹದಿನಾರು ತಿಂಗಳ ಮೇಲೆ ಆ ಎಡಗೈ ಮಾಡಿದ ಮೊದಲ ಕೆಲಸ ಅದು.

‘ಟಿಕ್’ ಎಂದು ಕತ್ತಿ ತೆರೆಯಿತು. ಮೈಯಿಂದ ಹೊರಮುಖವಾಗಿ, ಸಣ್ಣ ಸಣ್ಣ ಹೆರೆತಗಳು. ಮರದ ಸುರುಳಿಗಳು ಒಂದೊಂದಾಗಿ ಹಲಗೆಯ ಮೇಲೆ ಬಿದ್ದವು. ಬಹಳ ಹೊತ್ತು ಹಿಡಿಯಿತು. ಹುಡುಗಿ ಅವಸರಪಡಿಸಲಿಲ್ಲ. ಕೊನೆಗೆ ಕರಿ ಮೊನೆ ಮೂಡಿತು. ಮಾಷ್ಟ್ರು ಮಾತಾಡದೆ, ಅಜ್ಜಿಯ ಕರಾರಿನಂತೆ, ಬಿಡುವನ್ನು ಕಾದು ಕತ್ತಿ ಮುಚ್ಚಿದರು.

ಆಮೇಲೆ ಅವರು ಒಳಗಿನ ಕಪಾಟಿನಿಂದ ಹಳೆಯ ಪೀಶಕತ್ತಿಯನ್ನು ತರಿಸಿದರು. ಅದನ್ನು ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ ಹುಡುಗನ ಕೈಯಲ್ಲಿಟ್ಟರು.

“ಇದು ಎರಡು ಕೈ ಇಪ್ಪವಕ್ಕೆ ಇಪ್ಪದು. ನೀನು ಮಡಿಕ್ಕೊ.”

ಹುಡುಗ ಅದನ್ನು ತೆರೆಯಲು ನೋಡಿದ. ಬೆರಳು ಅಭ್ಯಾಸಬಲದಿಂದ ಹಿಡಿಯ ಬೆನ್ನಿನಲ್ಲಿ ಮೂಗನ್ನು ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಅವನು ಎಡಗೈಯಲ್ಲಿ ಹಿಡಿಯನ್ನು ಹಿಡಿದು, ಹೆಬ್ಬೆರಳ ಉಗುರನ್ನು ಅಲಗಿನ ಗೆರೆಗೆ ಸಿಕ್ಕಿಸಿ, ನಿಧಾನವಾಗಿ ಎಳೆದ. ಅಡಕೆಯ ಒಗರಿನಿಂದ ಕಪ್ಪಾದ ಅಲಗು, ಸದ್ದಿಲ್ಲದೆ, ಹೊರಗೆ ಬಂತು.